ಪೂಲ್ ಮತ್ತೆ ಕೆಟ್ಟಿತಂತೆ

ಬಾಜೂ ಮನೆಯ ಹುಡುಗನ ಪೂಲ್ ಮತ್ತೆ ಕೆಟ್ಟಿತಂತೆ. ಯಾವ ಪೂಲ್ ಎಂದು ನೀವು ಕೇಳಲಾರಿರಿ. ಎಂಎಸ್ ಪ್ರಾಜೆಕ್ಟ್ ನಂಬಿ ಹೊಟ್ಟೆ ಹೊರೆದವರಿಗೆಲ್ಲ ಗೊತ್ತಿರುವುದು ಅದೊಂದೇ, ರಿಸೋರ್ಸ್ ಪೂಲ್. ಈಜುವ ಪೂಲಿನ ಕಡೆ ನಮ್ಮಂಥವರು ಯಾವಾಗ ಹೋದೆವು, ಅಲ್ವಾ?

ಅವತ್ತು ನೀರು ಬರುವ ದಿನ. ನಮ್ಮ ಹುಬ್ಬಳ್ಳಿಯಲ್ಲಿ ಓಣಿಯ ಸುದ್ದಿಯೆಲ್ಲ ಕೈ ಬದಲಾಯಿಸುವುದು ನೀರು ಬರುವ ದಿನವೇ. ಪೈಪು ಹಿಡಿದು ನಿಂತವರಿಗೆ ಬೇರೆ ಉದ್ಯೋಗವೇನಿರುತ್ತದೆ? ಹುಡುಗ ಕಂಪೌಂಡ್ ಗೋಡೆಯ ಮೇಲೆ ಚಹಾದ ಕಪ್ಪಿಟ್ಟು, "ಕಾಕಾರ, ಕ್ರೇನು ಮತ್ತ ಮುನ್ನೂರು ಪರ್ಸೆಂಟ್ ತೋರ್ಸಾಕತ್ತೈತ್ರಿ" ಅಂದ. ಒಳಗೆ ಒಗ್ಗರಣೆ ಹಾಕುತ್ತಿದ್ದ ನಮ್ಮನೆಯಾಕಿ, "ಮುನ್ನೂರು ಪರ್ಸೆಂಟ? ಯಾವ ಬ್ಯಾಂಕಿನ್ಯಾಗ್ರಿ?" ಎಂದು ಕೂಗಿ ಕೇಳಿದಳು. ಬಡ್ಡಿಯಲ್ಲ ಮಾರಾಯ್ತಿ, ಕ್ರೇನು ಅಂತ ಹೇಳಿದರೆ ಆಕೆಗೆ ಅರ್ಧಕ್ಕರ್ಧ ಆಸಕ್ತಿ ಹೋಯಿತು.

ಹುಡುಗ ಒಬ್ಬ ಗುತ್ತಿಗೆದಾರರ ಹತ್ತಿರ ಪ್ಲಾನಿಂಗ್ ನೋಡಿಕೊಳ್ಳುತ್ತಾನೆ. ಗೋಕುಲ ರೋಡಿನ ಕಡೆ ಆಫೀಸು. ತಾರಿಹಾಳದಲ್ಲಿ ಒಂದು ಶೆಡ್ಡು, ರಾಯಾಪುರದ ಹತ್ತಿರ ಒಂದು ಗೋದಾಮು, ಧಾರವಾಡದಲ್ಲಿ ಒಂದು ಹಾಸ್ಟೆಲು, ಹೀಗೆ ನಾಲ್ಕಾರು ಕಡೆ ಕೆಲಸ. ಒಂದೊಂದಕ್ಕೂ ಒಂದೊಂದು ಫೈಲು. ಫೈಲು ಎಷ್ಟಾದರೂ ಆಗಲಿ, ಕ್ರೇನ್ ಒಂದೇ. ಸರ್ವೇಯರ್ ಒಬ್ಬನೇ. ಸೆಂಟ್ರಿಂಗ್ ಗ್ಯಾಂಗು ಎರಡು, ಗೌಂಡಿಗಳು ಇದ್ದಷ್ಟು. ಎಲ್ಲ ಫೈಲುಗಳೂ ಇವರನ್ನು ಒಂದೇ ಪೂಲ್‌ನಿಂದ ಎತ್ತಿಕೊಳ್ಳಬೇಕು. ಯಾವ ದಿನ ಕ್ರೇನ್ ಎಲ್ಲಿ ಎನ್ನುವುದು ಆ ಪೂಲ್ ತೆರೆದರೆ ಗೊತ್ತಾಗಬೇಕು. ಅದಕ್ಕಾಗಿಯೇ ಅಲ್ಲವೇ ಈ ಏರ್ಪಾಡು ಇರುವುದು? ಈಗ ತೆರೆದರೆ ಗೊತ್ತಾಗುತ್ತಿರುವುದು ಏನೆಂದರೆ, ಬರುವ ಭಾನುವಾರ ಅದೇ ಕ್ರೇನು ಏಕಕಾಲಕ್ಕೆ ಮೂರು ಕಡೆ ತೊಲೆ ಎತ್ತುತ್ತಿದೆ.

ಕ್ರೇನಿನದು ಬಿಡಿ, ಅದು ಯಂತ್ರ, ಬೈದರೂ ಸುಮ್ಮನಿರುತ್ತದೆ. ಸರ್ವೇಯರನದು ಕೇಳಿ. ರಾಯಾಪುರದ ಗೋದಾಮು ಮುಗಿದು, ಪೂಜೆಯಾಗಿ, ಮಾಲೀಕರು ಬ್ಯಾಡಗಿ ಮೆಣಸಿನಕಾಯಿ ಚೀಲ ಒಳಗೆ ಇಳಿಸಿಯೂ ಆಯಿತು. ಪೂಲ್ ಮಾತ್ರ, ಸರ್ವೇಯರ್ ಮಂಗಳವಾರ ಅಲ್ಲಿ ಪಾಯದ ಲೈನ್ ಔಟ್ ಮಾಡುತ್ತಾನೆ ಅನ್ನುತ್ತದೆ. ಮೆಣಸಿನಕಾಯಿ ಚೀಲಗಳ ನಡುವೆ ಕೆಮ್ಮುತ್ತ ಅವನು ಎಲ್ಲಿ ಸುಣ್ಣದ ಪುಡಿ ಚೆಲ್ಲಬೇಕೋ!

ನಡೆದದ್ದು ನಿಮಗೆ ಹೊಳೆದೇ ಇರುತ್ತದೆ. ಕೆಲಸ ಮುಗಿಯಿತಲ್ಲ ಎಂದು ಯಾರೋ ಗೋದಾಮಿನ ಫೈಲನ್ನು ಅಳಿಸಿ ಹಾಕಿದ್ದಾರೆ. ಲಿಂಕ್ ಬಿಡಿಸಿ ಅಳಿಸಿಲ್ಲ. ಪೂಲ್ ತನ್ನ ಹೊಟ್ಟೆಯಲ್ಲಿ ಪ್ರತಿ ಫೈಲಿನ ಅಸೈನ್‌ಮೆಂಟಿನದೂ ಒಂದೊಂದು ನಕಲು ಇಟ್ಟುಕೊಂಡಿರುತ್ತದೆ. ಫೈಲು ಹೋಯಿತೆಂದು ಅದಕ್ಕೆ ಯಾರು ಹೇಳಬೇಕು? ಅದು ಪಾಪ, ಆ ಕೆಲಸ ಇನ್ನೂ ಬಾಕಿ ಇದೆ ಎಂದೇ ತಿಳಿದು ಸರ್ವೇಯರನನ್ನು ಕಾಯುತ್ತಿರುತ್ತದೆ. ಕಸುಬಿನವರು ಇದಕ್ಕೆ ದೆವ್ವದ ಅಸೈನ್‌ಮೆಂಟ್ ಅನ್ನುತ್ತಾರೆ. ಅಮಾವಾಸ್ಯೆಯೇ ಬೇಕಂತಿಲ್ಲ, ಯಾವ ದಿನ ಬೇಕಾದರೂ ಕಾಣಿಸಿಕೊಳ್ಳುತ್ತವೆ.

ಇದರ ಮೇಲೆ ಹೆಸರಿನ ಕಥೆ ಬೇರೆ. ನಮ್ಮ ಕಡೆಯ ಯಾವ ಮಸ್ಟರ್ ರೋಲ್ ತೆಗೆದರೂ ಒಬ್ಬ ಈರಣ್ಣ, ಇಬ್ಬರು ಬಸವರಾಜರು ಇರಲೇಬೇಕು. ಇಲ್ಲದಿದ್ದರೆ ಅದು ಹುಬ್ಬಳ್ಳಿಯ ಮಸ್ಟರ್ ಅಲ್ಲವೇ ಅಲ್ಲ. ಈಗ ಈರಣ್ಣನನ್ನು ಒಬ್ಬ ಇಂಜಿನಿಯರ್ ಇಂಗ್ಲಿಷಿನ ಐ ಅಕ್ಷರದಿಂದ ಬರೆಯುತ್ತಾನೆ, ಇನ್ನೊಬ್ಬ ಎರಡು ಇ ಹಾಕುತ್ತಾನೆ, ಮತ್ತೊಬ್ಬ ಆಧಾರ್ ಕಾರ್ಡಿನಲ್ಲಿ ಇದ್ದಂತೆ ವೀರಣ್ಣ ಎಂದೇ ಬರೆಯುತ್ತಾನೆ. ಮೂರೂ ಫೈಲು ಪೂಲಿಗೆ ಸೇರಿದವೋ, ಒಬ್ಬ ಈರಣ್ಣನಿಗೆ ಮೂವರು ಈರಣ್ಣರು. ಮೂವರಿಗೂ ದಿನಕ್ಕೆ ಎಂಟು ತಾಸು ಬಿಡುವು! ಸಾಫ್ಟ್‌ವೇರಿನ ಪ್ರಕಾರ ಅವನು ಆರಾಮ ಮನುಷ್ಯ, ಎಲ್ಲೂ ಕೆಂಪು ಗುರುತಿಲ್ಲ. ನಿಜವಾದ ಈರಣ್ಣ ಬೈಕು ಒದ್ದು ಒದ್ದು ತಾರಿಹಾಳಕ್ಕೂ ಧಾರವಾಡಕ್ಕೂ ಓಡಾಡಿ ಸೊರಗಿದ್ದಾನೆ.

ಬಸವರಾಜರದು ಇದಕ್ಕೆ ಉಲ್ಟಾ. ಒಬ್ಬ ಬಸವರಾಜ ಕ್ರೇನ್ ಆಪರೇಟರ್, ಇನ್ನೊಬ್ಬ ಬಸವರಾಜ ಪ್ಲಂಬರ್. ಇಬ್ಬರ ಅಕ್ಷರವೂ ಒಂದೇ. ಲಿಂಕ್ ಮಾಡುವಾಗ ಸಾಫ್ಟ್‌ವೇರು ನೋಡುವುದು ಹೆಸರನ್ನು, ಮುಖವನ್ನಲ್ಲ. ಹೆಸರು ಒಂದಾದರೆ ಮನುಷ್ಯನೂ ಒಬ್ಬನೇ ಎಂದು ಕೂಡಿಸಿಬಿಡುತ್ತದೆ. ಆಮೇಲೆ ಆ ಒಬ್ಬ ಬಸವರಾಜ ಬೆಳಿಗ್ಗೆ ಕ್ರೇನ್ ನಡೆಸಿ, ಅದೇ ಹೊತ್ತಿಗೆ ಹಾಸ್ಟೆಲಿನ ನಳ ಕೂಡಿಸುತ್ತಾನೆ. ಹಾಗಾದರೆ ಬ್ರಾಕೆಟ್ಟಿನಲ್ಲಿ ಊರ ಹೆಸರು ಹಾಕೋಣ ಅಂದರೆ ಚೌಕದ ಬ್ರಾಕೆಟ್ಟು ಅದಕ್ಕೆ ಆಗುವುದಿಲ್ಲ, ಅಲ್ಪವಿರಾಮವೂ ಆಗುವುದಿಲ್ಲ. ಆ ಎರಡನ್ನೂ ಅದು ತನ್ನ ಲೆಕ್ಕಕ್ಕೆ ಕಾಯ್ದಿಟ್ಟುಕೊಂಡಿದೆ. ಒಬ್ಬನನ್ನು ಕೆಲಸಕ್ಕೆ ಅರ್ಧವೇ ಹಚ್ಚಿದರೆ ಹೆಸರಿನ ಪಕ್ಕ ಚೌಕದ ಬ್ರಾಕೆಟ್ಟಿನಲ್ಲಿ ಐವತ್ತು ಪರ್ಸೆಂಟ್ ಅಂತ ತೋರಿಸಬೇಕಲ್ಲ, ಅದಕ್ಕೆ. ನಾನು ಹೇಳಿದೆ, "ತಮ್ಮಾ, ಹೆಸರಿನ ಮುಂದ ಹಾಜರಿ ನಂಬರ್ ಹಾಕು. ಈರಣ್ಣ ಹೆಂಗರ ಬರೀಲಿ, ನಂಬರ್ ಒಂದ ಇರ್ತದ." ಅವನು, "ಹೌದಲ್ರಿ!" ಅಂದ. ಇಷ್ಟು ಸಣ್ಣ ವಿಷಯ ಯಾವ ಕೈಪಿಡಿಯಲ್ಲೂ ದಪ್ಪ ಅಕ್ಷರದಲ್ಲಿ ಇರುವುದಿಲ್ಲ ನೋಡಿ.

ಇದನ್ನು ಹೇಳುವಾಗ ನನಗೆ ನಮ್ಮ ಹಳೇ ಓಣಿಯ ಭಾಂಡೆ ಸಾಮಾನು ನೆನಪಾಯಿತು. ಧಾರವಾಡದಲ್ಲಿ ನಾವು ಸಣ್ಣವರಿದ್ದಾಗ ಮದುವೆ ಮುಂಜಿಗೆ ಈಗಿನ ಹಾಗೆ ಕೇಟರಿಂಗಿನವರು ಎಲ್ಲಿದ್ದರು? ಓಣಿಗೆಲ್ಲ ಸೇರಿ ಒಂದು ಜೋಡಿ ಹಂಡೆ, ಕೊಪ್ಪರಿಗೆ, ಪರಾತ, ದೊಡ್ಡ ಸೌಟುಗಳು. ಗುಡಿಯ ಹಿಂದಿನ ಖೋಲಿಯಲ್ಲಿ ಇಟ್ಟಿರುತ್ತಿದ್ದರು. ಕೀಲಿ ಒಬ್ಬ ಅಜ್ಜನ ಉಡದಾರದಲ್ಲಿ. ಆ ಅಜ್ಜ ಒಂದು ಉದ್ದನೆಯ ವಹಿ ಇಟ್ಟಿದ್ದ. ಯಾರು ಒಯ್ದರು, ಏನೇನು ಒಯ್ದರು, ಯಾವತ್ತು ತಂದರು ಎಲ್ಲ ಅದರಲ್ಲಿ. ತಂದ ಹಂಡೆಯನ್ನು ತಿರುಗಿಸಿ ತಳ ನೋಡದೆ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ತಳದಲ್ಲಿ ಮಸಿ ಇದ್ದರೆ ವಾಪಸು, ಹುಣಸೇಹಣ್ಣು ಹಚ್ಚಿ ತಿಕ್ಕಿ ತರಬೇಕು. ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವರು ನಮ್ಮ ಓಣಿಯ ಸೌಟನ್ನು ತಮ್ಮದೆಂದು ಒಯ್ದು, ಅದು ಗದಗಿನ ಹತ್ತಿರದ ಹಳ್ಳಿಯಲ್ಲಿ ಸಿಕ್ಕು, ಹಿಡಿಕೆಯ ಮೇಲೆ ಕೊರೆಸಿದ ಗುಡಿಯ ಹೆಸರು ತೋರಿಸಿ ತಂದ ಪ್ರಸಂಗ ಬಹಳ ದಿನ ಓಣಿಯ ಕಟ್ಟೆಯ ಮೇಲೆ ಓಡಾಡಿತು. ಆ ಸೌಟು ತರಲು ಹೋದವರು ಊಟಕ್ಕೆ ಕೂತು, ಬೀಗರಂತೆ ಹೋಳಿಗೆ ತಿಂದು, ಸೌಟು ಮರೆತು ಬಂದು, ಮತ್ತೆ ಹೋದರಂತೆ. ಆ ಕಥೆ ಇನ್ನೊಮ್ಮೆ.

ಅಜ್ಜ ತೀರಿಕೊಂಡ ಮೇಲೆ ಕೀಲಿ ಗುಡಿಯ ಮೊಳೆಗೆ ಬಂತು. ಯಾರು ಬೇಕಾದರೂ ತೆಗೆದುಕೊಂಡು ಹೋಗಬಹುದು. ವಹಿಯೂ ಅಲ್ಲೇ ಇತ್ತು, ಪೆನ್ಸಿಲ್ಲೂ ದಾರಕ್ಕೆ ಕಟ್ಟಿತ್ತು. ಎರಡು ಲಗ್ನಸರಾಯಿ ಕಳೆಯುವಷ್ಟರಲ್ಲಿ ವಹಿಯ ಪ್ರಕಾರ ಖೋಲಿಯಲ್ಲಿ ನಾಲ್ಕು ಕೊಪ್ಪರಿಗೆ, ಕಣ್ಣಿಗೆ ಕಾಣುವುದು ಒಂದು.

ಹುಡುಗನ ಪೂಲಿನದೂ ಅದೇ ಹಣೆಬರಹ. ಪೂಲ್ ತೆರೆಯುವಾಗ ಮೂರು ಪ್ರಶ್ನೆ ಕೇಳುತ್ತದಲ್ಲ, ನೆನಪಿದೆಯೇ? ಒಂದು, ಸುಮ್ಮನೆ ಓದಲಿಕ್ಕೆ ತೆರೆಯಲೇ, ಉಳಿದವರು ತಮ್ಮ ಕೆಲಸ ಮಾಡಿಕೊಳ್ಳಲಿ. ಎರಡು, ತಿದ್ದಲಿಕ್ಕೆ ತೆರೆಯಲೇ, ಆಗ ಉಳಿದವರಿಗೆ ಬಾಗಿಲು ಬಂದ್. ಮೂರು, ಎಲ್ಲ ಫೈಲುಗಳನ್ನೂ ಕೂಡಿಸಿ ಒಂದು ಮಾಸ್ಟರ್ ಫೈಲ್ ಮಾಡಿ ತೆರೆಯಲೇ. ಇಷ್ಟು ಸ್ಪಷ್ಟವಾಗಿ ಕೇಳುವ ಸಾಫ್ಟ್‌ವೇರು ಕಡಿಮೆ. ಆದರೆ ಆಫೀಸಿನಲ್ಲಿ ಅದನ್ನು ಓದುವವರು ಯಾರು? ಬೆರಳು ತಾನಾಗಿಯೇ ಎರಡನೆಯದಕ್ಕೆ ಹೋಗುತ್ತದೆ. ತಿದ್ದುವ ಹಕ್ಕು ಇದ್ದರೆ ಒಳ್ಳೆಯದು ಎಂಬ ಭಾವನೆ ನಮ್ಮವರಿಗೆ ಹುಟ್ಟಿನಿಂದಲೇ ಬಂದದ್ದು. ಒಬ್ಬ ಹಾಗೆ ತೆರೆದಿಟ್ಟು ಗಿರಮಿಟ್, ಮಿರ್ಚಿ ತಿನ್ನಲು ಹೋದನೋ, ಧಾರವಾಡದ ಸೈಟಿನವನು ಬಾಗಿಲು ಬಡಿದೂ ಬಡಿದೂ ಕೊನೆಗೆ ಪೂಲಿನದೊಂದು ನಕಲು ಮಾಡಿಕೊಂಡು ಅದಕ್ಕೇ ಲಿಂಕ್ ಕೊಟ್ಟುಕೊಳ್ಳುತ್ತಾನೆ. ಅಲ್ಲಿಗೆ ಅಡುಗೆಮನೆ ಎರಡಾಯಿತು.

ಆ ನಕಲಿಗೆ ಇಡುವ ಹೆಸರು ನೋಡಬೇಕು ನೀವು. ಪೂಲ್ ಫೈನಲ್, ಪೂಲ್ ಫೈನಲ್ ಹೊಸದು, ಪೂಲ್ ಫೈನಲ್ ಇದನ್ನೇ ಬಳಸಿ. ಹುಡುಗ ಫೋಲ್ಡರ್ ತೋರಿಸಿದಾಗ ಪೂಲ್ ಸಾಹೇಬರು ಅಂತಲೂ ಒಂದಿತ್ತು. ಸಾಹೇಬರು ಅದನ್ನು ಯಾವತ್ತೂ ತೆರೆದಿಲ್ಲವಂತೆ. ಅವರ ಹೆಸರಿದ್ದರೆ ಯಾರೂ ಅಳಿಸುವುದಿಲ್ಲ ಎಂದು ಯಾರೋ ಬುದ್ಧಿವಂತ ಇಟ್ಟದ್ದು.

ಹೆಸರು ಬದಲಾದರೆ ಏನಾಗುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಲಿಂಕ್ ಎಂದರೆ ಮತ್ತೇನೂ ಅಲ್ಲ, ಫೈಲಿನ ವಿಳಾಸ. ಮನೆ ಬದಲಾಯಿಸಿ ಪೋಸ್ಟಿನವನಿಗೆ ಹೇಳದಿದ್ದರೆ ಕಾಗದ ಎಲ್ಲಿಗೆ ಬರಬೇಕು? ಇದರಲ್ಲೊಂದು ಸಣ್ಣ ವಿಚಿತ್ರವಿದೆ. ಒಬ್ಬನ ಕಂಪ್ಯೂಟರಿನಲ್ಲಿ ಅದೇ ಫೋಲ್ಡರು ಝೆಡ್ ಡ್ರೈವ್ ಆಗಿ ಕಾಣುತ್ತದೆ. ಇನ್ನೊಬ್ಬ ಸರ್ವರಿನ ಪೂರ್ತಿ ಹೆಸರು ಹೊಡೆದು ಒಳಗೆ ಹೋಗುತ್ತಾನೆ. ಮನೆ ಒಂದೇ. ಒಬ್ಬ ಮುಂದಿನ ಬಾಗಿಲಿನಿಂದ ಬಂದ, ಇನ್ನೊಬ್ಬ ಹಿತ್ತಲಿನಿಂದ. ಪ್ರಾಜೆಕ್ಟ್ ಮಾತ್ರ ಎರಡು ಬೇರೆ ಬೇರೆ ಮನೆ ಎಂದು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಲಿಂಕುಗಳ ಪಟ್ಟಿಯಲ್ಲಿ ತಾರಿಹಾಳದ ಶೆಡ್ಡು ಎರಡು ಸಲ, ಕ್ರೇನಿನ ತಾಸೂ ಎರಡು ಪಟ್ಟು. ಮುನ್ನೂರು ಪರ್ಸೆಂಟಿನ ಒಂದು ಮೂಲ ಅಲ್ಲೇ ಇತ್ತು. ಎಲ್ಲರೂ ಪಾಪ ಕ್ರೇನಿನ ಆಪರೇಟರನನ್ನು ಅನುಮಾನದಿಂದ ನೋಡುತ್ತಿದ್ದರು.

ಇನ್ನು ಅಡ್ಡಮಳೆ. ಏಪ್ರಿಲ್ ಮೇ ತಿಂಗಳ ಸಂಜೆ ಹುಬ್ಬಳ್ಳಿಯಲ್ಲಿ ಗಾಳಿ ಎದ್ದಿತು ಅಂದರೆ ಮೊದಲು ಹೋಗುವುದು ಕರೆಂಟು, ಆಮೇಲೆ ತಗಡು. ಸೈಟಿನ ಆಫೀಸಿನಿಂದ ಡಾಂಗಲ್ ಹಚ್ಚಿ, ದೂರದ ಪೂಲ್ ತೆರೆದು, ಸೇವ್ ಒತ್ತಿ ಅರ್ಧಕ್ಕೆ ಬಂದಾಗ ನೆಟ್ಟು ಹೋದರೆ? ಫೈಲು ಅರ್ಧ ಬರೆದಂತೆ ಉಳಿಯುತ್ತದೆ. ಆಗ ಕೆಡುವುದು ನಿಜವಾದ ಕೆಡುವುದು. ತೆರೆದರೆ ತೆರೆಯುವುದಿಲ್ಲ, ತೆರೆದರೂ ರಿಸೋರ್ಸ್ ಶೀಟಿನಲ್ಲಿ ಸಾಲುಗಳು ಖಾಲಿ.

ಕ್ಯಾಲೆಂಡರಿನದು ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಜೋಡಿನಗರ ಜೋಡಿನಗರ ಅಂತ ನಾವು ಎಷ್ಟೇ ಅಂದರೂ, ಇಪ್ಪತ್ತು ಕಿಲೋಮೀಟರಿನಲ್ಲಿ ಬಣ್ಣ ಆಡುವ ದಿನವೇ ಬೇರೆ. ಧಾರವಾಡದಲ್ಲಿ ಹೋಳಿ ಹುಣ್ಣಿಮೆಯ ಬೆನ್ನಿಗೇ ಬಣ್ಣ ಮುಗಿದಿರುತ್ತದೆ. ಹುಬ್ಬಳ್ಳಿಯವರು ರಂಗಪಂಚಮಿಯ ತನಕ ಕಾಯುತ್ತಾರೆ. ಅವತ್ತು ಹುಬ್ಬಳ್ಳಿಯ ರಸ್ತೆಯಲ್ಲಿ ಬಿಳಿ ಅಂಗಿ ಹಾಕಿಕೊಂಡು ಹೊರಟವನು ಹೊರಊರಿನವನೇ ಆಗಿರಬೇಕು. ಈಗ ನಮ್ಮ ಸರ್ವೇಯರ್ ಹುಬ್ಬಳ್ಳಿಯವನು. ಅವನ ರಜೆ ಪೂಲಿನಲ್ಲಿ ಸರಿಯಾಗಿಯೇ ಇತ್ತು. ಧಾರವಾಡದ ಹಾಸ್ಟೆಲಿನ ಇಂಜಿನಿಯರ್ ತನ್ನ ಫೈಲಿನಲ್ಲಿ ಅದೇ ಸರ್ವೇಯರನ ಕ್ಯಾಲೆಂಡರು ತೆಗೆದು ಧಾರವಾಡದ ಬಣ್ಣದ ದಿನ ರಜೆ ಹಾಕಿದ, ರಂಗಪಂಚಮಿಯ ರಜೆ ತೆಗೆದ. ಅವನ ಊರಿನ ಮಟ್ಟಿಗೆ ಅದು ನ್ಯಾಯವೇ. ಆದರೆ ಶೇರ್ ರಿಸೋರ್ಸಸ್ ಡಬ್ಬಿಯಲ್ಲಿ ಕೆಳಗೊಂದು ಪ್ರಶ್ನೆಯಿದೆ: ಎರಡು ಕಡೆ ಬೇರೆ ಬೇರೆ ಇದ್ದರೆ ಯಾರ ಮಾತು ನಡೆಯಬೇಕು, ಪೂಲಿನದೋ, ಹಂಚಿಕೊಂಡವರದೋ? ಸುಮ್ಮನೆ ಬಿಟ್ಟರೆ ಪೂಲಿನ ಮಾತೇ ನಡೆಯುತ್ತದೆ. ಇವನು ಅದನ್ನೂ ತಿರುಗಿಸಿಬಿಟ್ಟಿದ್ದ. ಹಾಗಾಗಿ ಧಾರವಾಡದ ಹೋಳಿ ಪೂಲಿಗೆ ಬಂತು, ಪೂಲಿನಿಂದ ತಾರಿಹಾಳಕ್ಕೂ ಹೋಯಿತು. ಹುಬ್ಬಳ್ಳಿಯಲ್ಲಿ ಯಾರೂ ಬಣ್ಣ ಮುಟ್ಟದ ದಿನ ಸರ್ವೇಯರನಿಗೆ ರಜೆ, ಊರೆಲ್ಲ ಬಣ್ಣದಲ್ಲಿ ಮುಳುಗಿದ ದಿನ ಅವನು ಥಿಯೋಡೊಲೈಟ್ ಹೊತ್ತು ಹೊರಡಬೇಕು! ಆ ಉಪಕರಣದ ಕಣ್ಣಿಗೆ ಗುಲಾಲು ಬಿದ್ದರೆ ಖರ್ಚು ಯಾರು ಕೊಡುತ್ತಾರೆ?

ನಾಗರಪಂಚಮಿಯ ವಾರವಂತೂ ಬೇರೆಯೇ. ಗೌಂಡಿಗಳೆಲ್ಲ ಉಂಡಿ ತಿನ್ನಲು, ಜೋಕಾಲಿ ಆಡಲು ಊರಿಗೆ ಹೋದರೆ ಯಾವ ಕ್ಯಾಲೆಂಡರಿಗೂ ಹೇಳಿ ಹೋಗುವುದಿಲ್ಲ. ಅದಕ್ಕೆ ಸಾಫ್ಟ್‌ವೇರಿನಲ್ಲಿ ಮದ್ದಿಲ್ಲ.

ಹಾಂ, ರಿಪೇರಿ. ಮಾತು ಎಲ್ಲಿಗೋ ಹೋಯಿತು. ಒಳಗಿಂದ ನಮ್ಮನೆಯಾಕಿ ಅವಲಕ್ಕಿ ತಟ್ಟೆ ತಂದು ಗೋಡೆಯ ಮೇಲಿಟ್ಟಳು. ಹುಡುಗನಿಗೆ ಹೇಳಿದೆ, ಮೊದಲು ಎಲ್ಲರ ಕಂಪ್ಯೂಟರೂ ಬಂದ್. ಒಬ್ಬನೂ ಪೂಲ್ ಮುಟ್ಟಬಾರದು. ಪೂಲನ್ನೂ ಅದಕ್ಕೆ ಕೂಡಿದ ಫೈಲುಗಳನ್ನೂ ಹೇಗಿದೆಯೋ ಹಾಗೆ, ಕೆಟ್ಟದ್ದನ್ನು ಕೆಟ್ಟಂತೆಯೇ, ಬೇರೆ ಡ್ರೈವಿಗೆ ನಕಲು ಮಾಡು. ಕೆಟ್ಟದ್ದನ್ನು ಯಾಕ್ರೀ ಕಾಯ್ದಿಡಬೇಕು ಅಂದ. ರಿಪೇರಿ ಮಾಡುತ್ತ ಮಾಡುತ್ತ ಇನ್ನೂ ಕೆಡಿಸಿದರೆ ವಾಪಸು ಬರಲಿಕ್ಕೆ ಒಂದು ಜಾಗ ಬೇಡವೇ?

ಆಮೇಲೆ ಪೂಲ್ ತೆರೆಯುವುದು, ಈ ಸಲ ಮಾತ್ರ ಎರಡನೇ ಉತ್ತರ ಕೊಟ್ಟು. ಶೇರ್ ರಿಸೋರ್ಸಸ್ ಒತ್ತಿದರೆ ಯಾವ ಯಾವ ಫೈಲು ಕೂಡಿವೆ ಎನ್ನುವ ಪಟ್ಟಿ ಬರುತ್ತದೆ. ಅಲ್ಲಿ ರಾಯಾಪುರದ ದೆವ್ವವೂ ಕೂತಿತ್ತು, ಎರಡು ಸಲ ಬರೆದ ತಾರಿಹಾಳವೂ. ಒಂದೊಂದನ್ನೇ ಹಿಡಿದು ಬ್ರೇಕ್ ಲಿಂಕ್. ಪೂಲ್ ತೆರೆಯಲೇ ಒಲ್ಲದು ಅಂದರೆ ಕೆಲಸದ ಫೈಲುಗಳ ಕಡೆಯಿಂದ ಬರಬೇಕು. ಒಂದೊಂದು ತೆರೆಯುವಾಗಲೂ ಬೇರೆ ಫೈಲು ತೆರೆಯಬೇಡ ಎಂದು ಹೇಳಿ, ಒಳಗೆ ಹೋಗಿ, ಸ್ವಂತ ರಿಸೋರ್ಸನ್ನೇ ಬಳಸು ಎಂಬ ಗುಂಡಿಗೆ ಚುಕ್ಕಿ ಇಟ್ಟು, ಸೇವ್. ಆ ಫೈಲಿನಲ್ಲಿ ಯಾರಿಗೆ ಕೆಲಸ ಹಚ್ಚಿದೆಯೋ ಅವರು ಅಲ್ಲೇ ಉಳಿಯುತ್ತಾರೆ, ಹೆದರುವ ಕಾರಣವಿಲ್ಲ.

ಮುಂದಿನದು ತೊಳೆಯುವ ಕೆಲಸ. ಪ್ರತಿ ಫೈಲನ್ನೂ ಎಕ್ಸ್‌ಎಂಎಲ್ ಆಗಿ ಸೇವ್ ಮಾಡಿ, ಮುಚ್ಚಿ, ಆ ಎಕ್ಸ್‌ಎಂಎಲ್ ಅನ್ನು ಹೊಸ ಪ್ರಾಜೆಕ್ಟ್ ಎಂದು ತೆರೆದು, ಮತ್ತೆ ಎಂಪಿಪಿ ಆಗಿ ಬೇರೆ ಹೆಸರಿನಿಂದ ಇಡುವುದು. ಎಕ್ಸ್‌ಎಂಎಲ್‌ಗೆ ಟಾಸ್ಕು, ತಾರೀಖು, ರಿಸೋರ್ಸು, ಅಸೈನ್‌ಮೆಂಟು ಇಷ್ಟೇ ಮುಖ್ಯ. ಬೈನರಿಯ ಮೂಲೆಯಲ್ಲಿ ಕೂತ ಕೊಳೆ ಬಹಳ ಸಲ ಆ ದಾರಿಯಲ್ಲಿ ಉದುರಿಹೋಗುತ್ತದೆ. ಜೊತೆಗೆ ಬಾರಿನ ಬಣ್ಣ, ವ್ಯೂ, ಟೇಬಲ್ಲು, ಫಿಲ್ಟರುಗಳೂ ಉದುರುತ್ತವೆ. ಅದು ಕೇಳಿ ಹುಡುಗನ ಮುಖ ಸಣ್ಣದಾಯಿತು. ಸಾಹೇಬರಿಗೆ ಗ್ಯಾಂಟ್ ಚಾರ್ಟಿನ ಪಟ್ಟಿಗಳು ಕೇಸರಿ ಬಣ್ಣದಲ್ಲೇ ಇರಬೇಕಂತೆ. ನೀಲಿ ಕಂಡರೆ ಕೆಲಸ ನಿಂತಿದೆ ಎಂದು ಅವರಿಗೆ ಅನಿಸುತ್ತದಂತೆ! ಚಿಂತೆಯಿಲ್ಲ, ಹಳೆಯ ಫೈಲು ತೆರೆದಿಟ್ಟು ಆರ್ಗನೈಸರಿನಿಂದ ಆ ವ್ಯೂಗಳನ್ನು ಹೊಸದಕ್ಕೆ ದಾಟಿಸಬಹುದು. ಕೇಸರಿ ವಾಪಸು.

ಪೂಲನ್ನು ಮಾತ್ರ ತೊಳೆಯಬೇಡ, ಹೊಸದೇ ಮಾಡು ಅಂದೆ. ಇದು ನನ್ನ ಹಟ, ಬೇರೆಯವರು ಒಪ್ಪದಿರಬಹುದು. ಪೂಲ್ ಎಂದರೆ ಎಷ್ಟಿರುತ್ತದೆ? ಹೆಸರು, ರೇಟು, ಎಷ್ಟು ಯೂನಿಟ್ಟು, ಯಾರ ಕ್ಯಾಲೆಂಡರು. ಅದನ್ನು ಎಕ್ಸೆಲ್ಲಿಗೆ ಇಳಿಸಿ, ಮೂವರು ಈರಣ್ಣರನ್ನು ಒಬ್ಬನನ್ನಾಗಿ, ಒಬ್ಬ ಬಸವರಾಜನನ್ನು ಇಬ್ಬರನ್ನಾಗಿ ಮಾಡಿ, ಖಾಲಿ ಫೈಲಿಗೆ ಹಾಕುವುದಕ್ಕೆ ಒಂದು ಮಧ್ಯಾಹ್ನ ಸಾಕು. ಪೂಲಿನಲ್ಲಿ ಒಂದೂ ಟಾಸ್ಕ್ ಇರಕೂಡದು. ಕೆಲವರು ಇರುವ ಒಂದು ಕೆಲಸದ ಫೈಲನ್ನೇ ಪೂಲ್ ಎಂದು ಬಳಸುತ್ತಾರೆ. ನಡೆಯುತ್ತದೆ, ಸಾಫ್ಟ್‌ವೇರು ಬೇಡ ಅನ್ನುವುದಿಲ್ಲ. ಆದರೆ ಆ ಕೆಲಸದವನು ತನ್ನ ಫೈಲು ಎಂದು ದಿನವೂ ತಿದ್ದುತ್ತಾನೆ, ಉಳಿದವರ ಬಾಗಿಲು ದಿನವೂ ಬಂದ್.

ಕೂಡಿಸುವಾಗ ಒಂದೊಂದೇ. ತಾರಿಹಾಳ ಕೂಡಿಸು, ಸೇವ್ ಮಾಡು, ಮುಚ್ಚು, ತೆಗೆ, ಕ್ರೇನ್ ನೋಡು. ಸರಿಯಿದ್ದರೆ ಧಾರವಾಡ. ಎಲ್ಲ ಒಟ್ಟಿಗೆ ಕೂಡಿಸಿದರೆ ಮತ್ತೆ ಕೆಟ್ಟಾಗ ಯಾರಿಂದ ಕೆಟ್ಟಿತು ಎಂದು ಯಾರ ಕಡೆ ಬೊಟ್ಟು ಮಾಡಬೇಕು? ವಿಳಾಸ ಎಲ್ಲರದೂ ಒಂದೇ ಬಗೆಯದಿರಲಿ, ಝೆಡ್ ಅಂದರೆ ಎಲ್ಲರಿಗೂ ಝೆಡ್.

"ಬ್ರೇಕ್ ಲಿಂಕ್, ಬ್ರೇಕ್ ಲಿಂಕ್ ಅಂತ ಮುಂಜಾನಿಂದ ಹೇಳಾಕತ್ತೀರಿ, ಪಾಲಿಕಿ ಸುದ್ದಿ ಏನ್ರಿ?" ಎಂದು ಆಚೆ ಮನೆಯ ಮಾಸ್ತರರು ಹಾಲು ಹಿಡಿದುಕೊಂಡು ಹೋಗುತ್ತ ಕೇಳಿದರು. ಅವರು ಕೇಳಿದ್ದೂ ತಪ್ಪಲ್ಲ. 1962ರಿಂದ ಹುಬ್ಬಳ್ಳಿಗೂ ಧಾರವಾಡಕ್ಕೂ ಒಂದೇ ಪಾಲಿಕೆ, 82 ವಾರ್ಡು. 2025ರ ಜನವರಿಯಲ್ಲಿ ರಾಜ್ಯ ಸಚಿವ ಸಂಪುಟ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ಒಪ್ಪಿಗೆ ಕೊಟ್ಟಿತು. ಧಾರವಾಡದವರು ಅದಕ್ಕಾಗಿ ಎಷ್ಟು ವರ್ಷ ಕೂಗಿದರು ಗೊತ್ತಲ್ಲ. ದುಡ್ಡು, ಮಂದಿ, ಯಂತ್ರ ಎಲ್ಲ ಹುಬ್ಬಳ್ಳಿಗೇ ಹೋಗುತ್ತವೆ ಎಂಬ ದೂರು ಅವರದು. ಮಾಸ್ತರರಿಗೆ ಈಗ ಒಂದೇ ಚಿಂತೆ, ಕಸ ಒಯ್ಯುವ ಗಾಡಿಗಳನ್ನು ಹೇಗೆ ಹಂಚುತ್ತಾರೆ ಎನ್ನುವುದು. ಚಿಗರಿ ಬಸ್ಸಿನ 22.25 ಕಿಲೋಮೀಟರಿನ ದಾರಿ ಮಾತ್ರ ಮಧ್ಯದಲ್ಲಿ ಹರಿಯಲಿಕ್ಕೆ ಬರುವುದಿಲ್ಲ. 2018ರ ಅಕ್ಟೋಬರಿನಲ್ಲಿ ಪ್ರಾಯೋಗಿಕವಾಗಿ ಓಡಿ, 2020ರ ಫೆಬ್ರವರಿಯಲ್ಲಿ ವೆಂಕಯ್ಯ ನಾಯ್ಡು ಅವರು ಬಂದು ಉದ್ಘಾಟಿಸಿದ ದಾರಿ ಅದು. ಹುಬ್ಬಳ್ಳಿಯವರು 1507 ಮೀಟರಿನ ರೈಲು ಪ್ಲಾಟ್‌ಫಾರ್ಮ್ ತೋರಿಸಿ ಹೆಚ್ಚುಗಾರಿಕೆ ಹೇಳಿದರೆ ಧಾರವಾಡದವರು ಪೇಡೆಯ ಡಬ್ಬಿ ತೆಗೆಯುತ್ತಾರೆ. ಈ ಜಗಳ ಪಾಲಿಕೆ ಎರಡಾದರೂ ಮುಗಿಯುವುದಲ್ಲ ಬಿಡಿ.

ಹುಡುಗ ಕೊನೆಗೆ ಕೇಳಿದ, "ಕಾಕಾರ, ದೊಡ್ಡ ಕಂಪನಿಯವ್ರು ಇದನ್ನ ಹೆಂಗ ಸಂಭಾಳಸ್ತಾರ್ರಿ?" ಅವರು ಈ ಫೈಲಿನ ಸಹವಾಸ ಬಿಟ್ಟು ಎಷ್ಟೋ ಕಾಲವಾಯಿತು ಅಂದೆ. ಡಾಸ್‌ನಲ್ಲಿ ಮೊದಲ ಪ್ರಾಜೆಕ್ಟ್ ಬಂದದ್ದು 1984ರಲ್ಲಿ, ವಿಂಡೋಸಿಗೆ ಬಂದದ್ದು 1990ರಲ್ಲಿ. ಆಗ ಒಬ್ಬ ಮನುಷ್ಯ, ಒಂದು ಕಂಪ್ಯೂಟರು, ಒಂದು ಕೆಲಸ ಎಂದೇ ಲೆಕ್ಕ. ಹಂಚಿಕೊಳ್ಳುವ ಪೂಲ್ ಅದರ ಮೇಲೆ ಕಟ್ಟಿದ ಮಾಳಿಗೆ. 2002ರ ಪ್ರಾಜೆಕ್ಟ್ ಸರ್ವರಿನಲ್ಲಿ ಎಲ್ಲ ರಿಸೋರ್ಸೂ ಒಂದು ಡೇಟಾಬೇಸಿಗೆ ಹೋದವು. ಅಲ್ಲಿ ವಿಳಾಸ ತಪ್ಪುವ ಪ್ರಶ್ನೆಯಿಲ್ಲ, ಝೆಡ್ ಡ್ರೈವಿನ ಜಗಳವಿಲ್ಲ. ಆದರೆ ಒಂದು ಕ್ರೇನು, ಒಬ್ಬ ಸರ್ವೇಯರ್ ಇರುವ ಆಫೀಸಿಗೆ ಸರ್ವರು ತಂದು, ಅದನ್ನು ನೋಡಿಕೊಳ್ಳಲು ಒಬ್ಬನನ್ನು ಇಟ್ಟರೆ, ಆ ಒಬ್ಬನ ಪಗಾರಕ್ಕೆ ಇನ್ನೊಂದು ಕ್ರೇನಿನ ಬಾಡಿಗೆ ಕಟ್ಟಬಹುದೇನೋ. ಕಸುಬಿನ ಹಿರಿಯರು ಕೆಲವರು ಹಂಚಿದ ಪೂಲೇ ಬೇಡ, ಅದು ಇವತ್ತಲ್ಲ ನಾಳೆ ಕೆಡುವ ವಸ್ತು ಅನ್ನುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ತಿದ್ದುವ ಕೈ ಒಂದೇ ಇದ್ದರೆ ಪೂಲ್ ವರ್ಷಗಟ್ಟಲೆ ನಡೆಯುತ್ತದೆ, ನಡೆದದ್ದನ್ನು ನೋಡಿದ್ದೇನೆ. ಆ ಕೈ ಇಂಜಿನಿಯರನದೇ ಆಗಬೇಕಂತಿಲ್ಲ. ಆಫೀಸಿನ ಹಾಜರಿ ಬರೆಯುವವರು ಇನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ; ಅವರಿಗೆ ಇಬ್ಬರು ಬಸವರಾಜರ ಮುಖವೂ ಗೊತ್ತು.

ಈಗ ಅವರ ಆಫೀಸಿನಲ್ಲಿ ಹಾಗೇ ಮಾಡಿದ್ದಾರಂತೆ. ಹಾಜರಿ ಬರೆಯುವ ಅಕ್ಕಾರಿಗೆ ಪೂಲಿನ ಕೀಲಿ. ಉಳಿದವರಿಗೆಲ್ಲ ಮೊದಲನೇ ಉತ್ತರ, ಓದಲಿಕ್ಕೆ ಮಾತ್ರ. ಅಕ್ಕಾರು ರಂಗಪಂಚಮಿ, ನಾಗರಪಂಚಮಿ, ಸಿದ್ಧಾರೂಢರ ಜಾತ್ರೆ ಎಲ್ಲ ಮುಂಚೆಯೇ ಕ್ಯಾಲೆಂಡರಿನಲ್ಲಿ ಹಾಕಿಟ್ಟಿದ್ದಾರೆ. ಧಾರವಾಡದ ಇಂಜಿನಿಯರ್ ಮುನಿಸಿಕೊಂಡಿದ್ದಾನಂತೆ, ಇರಲಿ. ಕ್ರೇನು ನೂರಕ್ಕೆ ಇಳಿದಿದೆ. ಈರಣ್ಣನ ಸಾಲು ಮೊದಲ ಸಲ ಕೆಂಪಾಗಿ ಕಂಡು, ಪಾಪ ಅವನಿಗೊಬ್ಬ ಜೊತೆಗಾರ ಬೇಕು ಎಂದು ಸಾಹೇಬರಿಗೆ ಹೊಳೆಯಿತಂತೆ.

ನಿಮ್ಮ ಆಫೀಸಿನಲ್ಲೂ ಇಂಥದೊಂದು ಪೂಲ್ ಇದ್ದರೆ, ಇವತ್ತು ಎಲ್ಲರೂ ಮನೆಗೆ ಹೋದ ಮೇಲೆ ಅದರದೂ ಅದಕ್ಕೆ ಕೂಡಿದ ಫೈಲುಗಳದೂ ಒಂದು ನಕಲು ತೆಗೆದು ಬೇರೆ ಡ್ರೈವಿನಲ್ಲಿ ಇಡಿ. ಹೆಸರಿನಲ್ಲಿ ಫೈನಲ್ ಅಂತ ಬರೆಯಬೇಡಿ, ತಾರೀಖು ಬರೆಯಿರಿ.